ಮಲಗಿ ಕಾಯುವವರು, ಎದ್ದು ಕಾಯುವವರು

ನನಗೆ ಕಾಯಲು ಬರುವುದಿಲ್ಲ. ಹಾಲು ಕಾಯಿಸಲಿಟ್ಟರೆ ಅದು ಉಕ್ಕುವ ತನಕ ಒಲೆಯ ಮುಂದೆ ನಿಂತು ಪಾತ್ರೆಯನ್ನೇ ದಿಟ್ಟಿಸುತ್ತೇನೆ. ಆ ಹೊತ್ತಿನಲ್ಲಿ ಯಾರಾದರೂ ಮಾತನಾಡಿಸಿದರೆ ಕೈಸನ್ನೆಯಿಂದ ತಡೆಯುತ್ತೇನೆ. ಕುಕ್ಕರಿನ ಮೂರನೆಯ ಸೀಟಿ ಸ್ವಲ್ಪ ತಡವಾದರೆ ಸಾಕು, ಗ್ಯಾಸ್ ಮುಗಿಯಿತೋ, ವಾಷರ್ ಹೋಯಿತೋ, ಮುಚ್ಚಳ ಹಾರಿ ಮಾಳಿಗೆಗೆ ಬಡಿಯುತ್ತದೋ ಎಂದು ಅಂಗೈ ಬೆವರುತ್ತದೆ. ಗಾಂಧಿ ಚೌಕದಲ್ಲಿ ಟಂಟಂ ಹತ್ತಿ ಕೂತಾಗ, ಇನ್ನೊಂದು ಸೀಟು ತುಂಬದೆ ಚಾಲಕ ಹೊರಡುವುದಿಲ್ಲವೆಂದರೆ, ಹಾದಿಯಲ್ಲಿ ಹೋಗುವವರನ್ನು ನಾನೇ "ಬರ್ರಿ, ಬರ್ರಿ, ಜಾಗಾ ಐತಿ" ಎಂದು ಕರೆಯತೊಡಗುತ್ತೇನೆ. ಹಾಗೆ ಕರೆದವರಲ್ಲಿ ಒಬ್ಬರು ನನ್ನ ಗಂಡನ ಶಾಲೆಯ ಹೆಡ್‌ಮಾಸ್ತರರಾಗಿದ್ದರು. ಅವರು ಬಂದು ಕೂತರು ಕೂಡ. ದಾರಿಯುದ್ದಕ್ಕೂ ನನ್ನನ್ನು ಅನುಕಂಪದಿಂದ ನೋಡಿದರು. ಸಹೋದ್ಯೋಗಿಯ ಹೆಂಡತಿ ಟಂಟಂಗೆ ಜನ ತುಂಬಿಸುವ ಕೆಲಸ ಹಿಡಿದಿದ್ದಾಳೆ ಎಂದುಕೊಂಡಿರಬೇಕು.

ನನ್ನ ಗಂಡ ಮಹಾಂತೇಶ ಇದಕ್ಕೆ ತದ್ವಿರುದ್ಧ. ಕಾಯಬೇಕಾದ ಪ್ರಸಂಗ ಬಂದರೆ ಸಾಕು, ಅವರು ಮಲಗಿಬಿಡುತ್ತಾರೆ. ಒಮ್ಮೆ ಹಲ್ಲಿನ ಡಾಕ್ಟರರ ಬಳಿ ಪಾಳಿ ಹಚ್ಚಿ ಗೋಡೆಗೆ ತಲೆಯಾನಿಸಿದವರು ಕಣ್ಣು ಬಿಟ್ಟಾಗ ಡಾಕ್ಟರು ಊಟಕ್ಕೆ ಹೋಗಿಯಾಗಿತ್ತು. "ಹೆಸರ ಕರದಿದ್ರ ನನಗ ಎಚ್ಚರ ಆಗತಿತ್ತಲಾ" ಎನ್ನುವುದು ಅವರ ವಾದ. ಕರೆದಿದ್ದರು, ಎರಡು ಸಲ. ಹಲ್ಲುನೋವಿದ್ದವರು ಹೀಗೆ ಗೊರಕೆ ಹೊಡೆಯಲಾರರು, ಇವರು ಯಾರ ಜೊತೆಗೋ ಬಂದವರಿರಬೇಕು ಎಂದು ಕಂಪೌಂಡರ್ ಮುಂದಿನವರನ್ನು ಒಳಗೆ ಕಳಿಸಿದ್ದ.

ಇಂಥ ನನಗೆ ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಯಾವುದೆಂದರೆ, ಯಂತ್ರಕ್ಕೆ ಕಾಯಲು ಕಲಿಸುವುದು.

ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಕೆಳಗೆ ಹಗ್ಗ, ತಾಡಪತ್ರಿ ಮಾರುವ ಅಂಗಡಿ, ಮೇಲೆ ನಮ್ಮ ಕಚೇರಿ. ಮಾಲೀಕರು ಇರ್ಫಾನ್ ಭಾಯಿ. ಅವರು ಬೋರ್ಡುಗಳನ್ನು ಬೆಸುಗೆ ಹಾಕಿ ಜೋಡಿಸುತ್ತಾರೆ, ನಾನು ಅವುಗಳೊಳಗೆ ಬುದ್ಧಿ ತುಂಬುತ್ತೇನೆ. ಇಬ್ಬರೂ ಸೇರಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ಒಂದು ಪೆಟ್ಟಿಗೆ ತಯಾರಿಸಿದ್ದೇವೆ. ತಿಕೋಟಾ, ಬಬಲೇಶ್ವರದ ಕಡೆ ಬೆಳೆದ ದ್ರಾಕ್ಷಿಯಲ್ಲಿ ಬಹಳಷ್ಟು ಒಣದ್ರಾಕ್ಷಿಯಾಗಿಯೇ ಪೇಟೆ ಸೇರುತ್ತದೆ. ನಮ್ಮ ಜನ ಅದನ್ನು ಮಣೂಕ ಎನ್ನುತ್ತಾರೆ. ಉದ್ದನೆಯ ಶೆಡ್ಡು, ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆ, ಅದರ ಮೇಲೆ ಹರವಿದ ಹಣ್ಣು. ಗಾಳಿಯಾಡಬೇಕೆಂದು ಬದಿಗಳೆಲ್ಲ ಬಯಲು. ಹಣ್ಣು ನೆರಳಿನಲ್ಲಿ ನಿಧಾನಕ್ಕೆ ಒಣಗಿ ಹಸಿರು ಮಣೂಕವಾಗಬೇಕು. ನಡುವೆ ಎಲ್ಲಿಯಾದರೂ ಅಕಾಲದ ಮಳೆ ಎರಚಿತೋ, ತೇವ ಹಿಡಿದು ಕಪ್ಪಾಗುತ್ತದೆ. ವರ್ಷವಿಡೀ ಮಾಡಿದ್ದೆಲ್ಲ ಅರ್ಧ ಗಂಟೆಯಲ್ಲಿ ಬಣ್ಣಗೆಡುತ್ತದೆ.

ನಮ್ಮ ಪೆಟ್ಟಿಗೆ ಶೆಡ್ಡಿನೊಳಗಿನ ತೇವವನ್ನು ಅಳೆಯುತ್ತಿರುತ್ತದೆ. ತೇವ ಏರಿದರೆ ಮೋಟಾರು ತಿರುಗಿಸಿ ಬದಿಯ ಪರದೆಗಳನ್ನು ಇಳಿಸುತ್ತದೆ. ಆದರೆ ತೇವ ಏರುವುದು ಮಳೆ ಶುರುವಾದ ಮೇಲೆ. ಅದಕ್ಕಿಂತ ಮೊದಲೇ ಮೋಡ ಕಂಡ ಮನುಷ್ಯ ತಾನಿದ್ದಲ್ಲಿಂದಲೇ ಪೆಟ್ಟಿಗೆಗೆ ಒಂದು ಮಿಸ್ಡ್ ಕಾಲ್ ಕೊಟ್ಟರೂ ಪರದೆ ಇಳಿಯುವಂತೆ ಮಾಡಿದ್ದೇವೆ. ದಾರಿಹೋಕರ ಕರೆಗೆಲ್ಲ ಪರದೆ ಕುಣಿಯಬಾರದಲ್ಲ, ಅದಕ್ಕೆ ಮನೆಯವರ ಎರಡು ನಂಬರುಗಳನ್ನು ಮಾತ್ರ ಅದು ಗುರುತಿಸುತ್ತದೆ.

ಇನ್ನು ಕಾಯುವ ವಿಷಯ. ತೇವ ಅಳೆಯುವ ಸಾಧನ ಉಗುರಿನಷ್ಟಗಲದ್ದು, ಆದರೆ ಅದರ ಬಿಂಕ ಹೇಳತೀರದು. ಅದನ್ನು ಮಾತನಾಡಿಸಬೇಕಾದರೆ ಮೊದಲು ಅದರ ತಂತಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಆಮೇಲೆ ಕೈಬಿಟ್ಟು ಸುಮ್ಮನಿರಬೇಕು. ಆಗ ಅದು ಸಣ್ಣ ಸಣ್ಣ ಮಿಡಿತಗಳಲ್ಲಿ ಉತ್ತರ ಕೊಡುತ್ತದೆ: ಗಿಡ್ಡ ಮಿಡಿತವಾದರೆ ಸೊನ್ನೆ, ಉದ್ದ ಮಿಡಿತವಾದರೆ ಒಂದು. ಗಿಡ್ಡಕ್ಕೂ ಉದ್ದಕ್ಕೂ ಇರುವ ವ್ಯತ್ಯಾಸ ಕೆಲವೇ ಮೈಕ್ರೋಸೆಕೆಂಡು. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಮೈಕ್ರೋಸೆಕೆಂಡು. ಅಷ್ಟರಲ್ಲಿ ಕೇಳುವವರು ಆಕಳಿಸಿದರೆ ಮಾತು ತಪ್ಪಿತು.

ಕಾಲವನ್ನು ಹೀಗೆ ಹೆರೆಯುವುದು ಹೊಸ ಹುಚ್ಚೇನಲ್ಲ. ನಿಮಿಷವೆಂದರೆ ಹಿಂದೆ ಗಂಟೆಯ ಒಂದು ಪಾಲಾಗಿರಲಿಲ್ಲ, ಕಣ್ಣು ಒಮ್ಮೆ ರೆಪ್ಪೆ ಬಡಿಯುವಷ್ಟು ಹೊತ್ತು ಮಾತ್ರ. ಅದಕ್ಕಿಂತ ಸಣ್ಣದು ಲವ. ಅದಕ್ಕೂ ಸಣ್ಣದು ತ್ರುಟಿ. ಸೂಜಿಯು ತಾವರೆಯ ಎಸಳನ್ನು ತೂರುವಷ್ಟು ಹೊತ್ತಂತೆ. ದೇವತೆಗಳಿಗೆ ಅನಿಮಿಷರು ಎಂದು ಹೆಸರು, ರೆಪ್ಪೆ ಬಡಿಯದವರು ಎಂದರ್ಥ. ಅವರೂ ಒಲೆಯ ಮೇಲೆ ಹಾಲಿಟ್ಟು ನಿಂತಿರಬೇಕು ಎಂಬುದು ನನ್ನ ಗುಮಾನಿ.

ಯಂತ್ರದೊಳಗೆ ಯಾರಿಗೆ ಯಾವಾಗ ಕೆಲಸ ಎಂದು ಪಾಳಿ ಹಚ್ಚುವ ಯಜಮಾನನಿಗೆ ಕರ್ನಲ್ ಎನ್ನುತ್ತಾರೆ. ನಾನು ಬರೆಯುವುದು ಅದರೊಳಗಿನ ಒಂದು ತುಣುಕನ್ನು. ಅಲ್ಲಿ ಕಾಯಲು ಎರಡು ದಾರಿ. ಒಂದು, ಮಲಗಿ ಕಾಯುವುದು. "ಇಷ್ಟು ಹೊತ್ತಾದ ಮೇಲೆ ನನ್ನನ್ನು ಎಬ್ಬಿಸು" ಎಂದು ಕರ್ನಲ್‌ಗೆ ಹೇಳಿ ಮಲಗಿದರೆ ಆ ಹೊತ್ತಿನಲ್ಲಿ ಬೇರೆಯವರ ಕೆಲಸ ಸಾಗುತ್ತದೆ. ಆದರೆ ಎಬ್ಬಿಸುವ ವಿಷಯದಲ್ಲಿ ಕರ್ನಲ್‌ನ ಮಾತು ನಮ್ಮೂರಿನ "ಐದ ಮಿನಿಟ, ಬಂದ್ನಿ" ಇದ್ದಂತೆ. ಐದಕ್ಕಿಂತ ಮೊದಲು ಬರುವುದಿಲ್ಲ ಎಂಬುದಷ್ಟೇ ಖಾತ್ರಿ. ಇನ್ನೊಂದು, ಎದ್ದು ಕಾಯುವುದು. ಏನೂ ಮಾಡದೆ, ಯಾರಿಗೂ ಜಾಗ ಬಿಡದೆ, ಇದ್ದಲ್ಲೇ ಗಿರಗಿರ ಸುತ್ತುತ್ತ ಸುತ್ತು ಎಣಿಸುವುದು. ಯಂತ್ರ ಚಾಲೂ ಆದ ಕೂಡಲೇ ಕರ್ನಲ್ ತನ್ನ ಓಟವನ್ನು ತಾನೇ ಅಳೆದುಕೊಂಡು, ಇಷ್ಟು ಸುತ್ತು ಸುತ್ತಿದರೆ ಇಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕಿ ಇಟ್ಟುಕೊಂಡಿರುತ್ತದೆ. ಇದು ಕರಾರುವಾಕ್ಕು, ಆದರೆ ದುಬಾರಿ. ಒಬ್ಬರು ಸುತ್ತುತ್ತಿರುವಾಗ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ನಡುವೆ ಯಾರೂ ಮೈಮುಟ್ಟಿ ಕರೆಯದಂತೆ ಕಿವಿಯನ್ನೂ ಮುಚ್ಚಿಕೊಳ್ಳುವ ಸೌಕರ್ಯ ಉಂಟು.

ನಾನು ಯಾವ ದಾರಿ ಹಿಡಿದೆ ಎಂದು ನೀವು ಕೇಳುವ ಅಗತ್ಯವೇ ಇಲ್ಲ. ತಂತಿ ಒತ್ತಿ ಹಿಡಿಯುವ ಘಳಿಗೆಯಿಂದ ಕೊನೆಯ ಮಿಡಿತದವರೆಗೆ ಕಿವಿ ಮುಚ್ಚಿ, ಕಣ್ಣು ಬಿಟ್ಟು, ಎದ್ದು ಕಾಯುವಂತೆ ಬರೆದೆ. ಒಂದು ಕ್ಷಣ ಮಲಗಲು ಬಿಟ್ಟರೂ ಅದು ಸಮಯಕ್ಕೆ ಏಳುವುದಿಲ್ಲವೆಂದು ನನ್ನ ಹೆದರಿಕೆ. ಮನೆಯಲ್ಲಿ ಅಂಥವರೊಬ್ಬರನ್ನು ನೋಡಿದ್ದೆನಲ್ಲ.

ಈ ವರ್ಷದ ಸುಗ್ಗಿಗೆ ಒಂದು ಪೆಟ್ಟಿಗೆಯನ್ನು ತಿಕೋಟಾದ ಗೌರಕ್ಕನ ಶೆಡ್ಡಿಗೆ ಕೂಡಿಸಿದೆವು. ಆಕೆಯ ಗಂಡ ಸಂಗಪ್ಪ ತೋಟ ನೋಡಿಕೊಳ್ಳುತ್ತಾನೆ. ಹಣ್ಣು ಕಡಿದು ಶೆಡ್ಡಿಗೆ ಬಂತೆಂದರೆ ಅದು ಗೌರಕ್ಕನ ರಾಜ್ಯ. ಐವತ್ತರ ಆಸುಪಾಸಿನ, ಮಾತು ಜೋರಿನ, ಕೈ ಇನ್ನೂ ಜೋರಿನ ಹೆಂಗಸು. ಮಣೂಕ ಒಣಗುವ ದಿನಗಳಲ್ಲಿ ಆಕೆ ಮನೆಗೆ ಹೋಗುವುದಿಲ್ಲ. ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಅಡ್ಡಾಗುತ್ತಾಳೆ. ಗಾಳಿ ಬೀಸುವ ದಿಕ್ಕು ಬದಲಾದರೂ ಎದ್ದು ಕೂರುತ್ತಾಳೆ. ಪೆಟ್ಟಿಗೆ ಬಂದ ಮೇಲೆ ಆಕೆಯ ಚಿಂತೆ ಕಡಿಮೆಯಾಗಬೇಕಿತ್ತು. ಆದದ್ದೇನೆಂದರೆ, ಮೊದಲು ಮೋಡದ ಚಿಂತೆ ಒಂದೇ ಇತ್ತು, ಈಗ ಪೆಟ್ಟಿಗೆಯ ಚಿಂತೆಯೂ ಸೇರಿತು. ಆ ಎರಡನೆಯ ಚಿಂತೆಗೆ ನನ್ನ ಫೋನ್ ನಂಬರು ಸಿಕ್ಕಿತು.

"ತಂಗಿ, ನಿನ್ನ ಡಬ್ಬಿ ಜೀವಂತ ಐತಿಲ್ಲೋ ನೋಡಿ ಹೇಳ."

"ಅಕ್ಕಾ, ಡಬ್ಬಿ ನಿಮ್ಮ ಕಣ್ಣಮುಂದ ಐತ್ರಿ. ಹಸರ ದೀಪ ಹತ್ತೇತೇನ ನೋಡ್ರಿ."

"ಹತ್ತೇತಿ. ಆದ್ರ ದೀಪ ಹತ್ತಿದ್ದೆಲ್ಲಾ ಎಚ್ಚರ ಇರತೈತೇನು? ನಮ್ಮ ಓಣಿ ಕಂಬದ ದೀಪ ಹಗಲೊತ್ತಿನ್ಯಾಗೂ ಹತ್ತಿರತೈತಿ."

ಸತ್ಯ ಹೇಳುತ್ತೇನೆ, ಆಕೆ ಫೋನ್ ಮಾಡದ ದಿನ ನಾನೇ ಮಾಡುತ್ತಿದ್ದೆ. ಕಾಯಲು ಬಾರದವರು ಪರಸ್ಪರರನ್ನು ಬೇಗ ಗುರುತಿಸುತ್ತಾರೆ.

ಒಂದು ಬೆಳಗ್ಗೆ ಆಕೆಯ ದನಿ ಬೇರೆಯಾಗಿತ್ತು.

"ತಂಗಿ, ನಿನ್ನೆಯಿಂದ ಪರೀಕ್ಷಾ ಮಾಡಾಕತ್ತೇನಿ. ರಿಂಗ್ ಕೊಟ್ರ ಎಂಟ-ಹತ್ತ ಸಲ ಕೇಳತೈತಿ, ಒಂದ ಸಲ ಕೆಪ್ಪಾಗತೈತಿ. ಪಡದಿ ಅಲ್ಲಾಡಂಗೇ ಇಲ್ಲ. ಆ ಒಂದ ಸಲನ ಮಳಿ ಬಂದ್ರ ನಾ ಏನ್ ಮಾಡ್ಲಿ?"

ನಾನು ಇರ್ಫಾನ್ ಭಾಯಿಗೆ ಹೇಳಿದೆ. "ನೆಟ್‌ವರ್ಕ್ ರೀ ಮೇಡಂ, ನೆಟ್‌ವರ್ಕ್" ಎಂದರು ಅವರು, ಬೆಸುಗೆಯ ಹೊಗೆಯಿಂದ ಮುಖ ಎತ್ತದೆ. ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಅವರು ನೆಟ್‌ವರ್ಕ್ ಎನ್ನುವವರು. ನಾನೂ ಹಾಗೇ ನಂಬಿ ಸುಮ್ಮನಾಗಬಹುದಿತ್ತು. ಆದರೆ ಕಿಟಕಿಯಿಂದ ನೋಡಿದರೆ ಪಶ್ಚಿಮಕ್ಕೆ, ತಿಕೋಟಾದ ದಿಕ್ಕಿಗೆ, ಬೂದಿಬಣ್ಣದ ಮೋಡ. ಫೋನಿನ ಹವಾಮಾನದ ಚಿತ್ರದಲ್ಲಿ ಹನಿಗಳಿದ್ದವು. ಹನಿಯ ಜೊತೆಗೊಂದು ಮಿಂಚೂ ಇತ್ತು. ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ತಿಕೋಟಾ ಮುಟ್ಟುವ ತನಕ ಎಷ್ಟು ಸಲ ಕಿಟಕಿಯಿಂದ ತಲೆ ಹೊರಹಾಕಿದೆನೆಂದರೆ, ಪಕ್ಕದಲ್ಲಿದ್ದ ಮುದುಕಿ ನನಗೆ ವಾಂತಿಯಾಗುತ್ತಿದೆಯೆಂದು ತಿಳಿದು ಲಿಂಬೆಹಣ್ಣು ಕೊಟ್ಟಳು.

ಗೌರಕ್ಕ ರಸ್ತೆಗೇ ಬಂದು ನಿಂತಿದ್ದಳು. ಕಣ್ಣು ಕೆಂಪಗಾಗಿದ್ದವು. ಶೆಡ್ಡಿನೊಳಗೆ ಹೋದರೆ ಒಣಗುತ್ತಿರುವ ಹಣ್ಣಿನ ಹುಳಿಸಿಹಿ ವಾಸನೆ. ಬಲೆಯ ಮೇಲೆ ಎಳೆಹಸಿರು ಮಣೂಕ ಮುದುಡಿ ಮಲಗಿತ್ತು. ಆಕೆ ಒಂದು ಕಾಳೆತ್ತಿ ಬೆರಳಲ್ಲಿ ಒತ್ತಿ ನೋಡಿದಳು.

"ಇನ್ನ ಮೂರ್ನಾಲ್ಕ ದಿನ ಬೇಕ. ಈಗ ನೀರ ತಾಗಿದ್ರ ಎಲ್ಲಾ ಮುಗೀತ ನೋಡ."

ಪೆಟ್ಟಿಗೆಗೆ ಲ್ಯಾಪ್‌ಟಾಪು ಜೋಡಿಸಿ, ಕರೆ ಬಂದಾಗ ಅದಕ್ಕೆ ಯಾವ ನಂಬರು ಕೇಳಿಸುತ್ತಿದೆ ಎಂಬುದು ಲ್ಯಾಪ್‌ಟಾಪಿನ ತೆರೆಯ ಮೇಲೆ ಮೂಡುವಂತೆ ಮಾಡಿಕೊಂಡೆ. "ರಿಂಗ್ ಕೊಡ್ರಿ ಅಕ್ಕಾ" ಎಂದೆ. ಆಕೆ ಒಂದು ರಿಂಗ್ ಕೊಟ್ಟು ಕತ್ತರಿಸಿದಳು. ನಂಬರು ಸರಿಯಾಗಿ ಮೂಡಿತು, ಶೆಡ್ಡಿನ ಪರದೆ ಇಳಿಯಿತು. ಏರಿಸಿದೆವು. ಮತ್ತೆ ರಿಂಗ್, ಮತ್ತೆ ಇಳಿಯಿತು. ಹೀಗೆ ಏರಿಸುವುದು ಇಳಿಸುವುದು ನಡೆದೇ ನಡೆಯಿತು. ಹೊರಗೆ ಮೋಡ ದಟ್ಟವಾಗುತ್ತಿತ್ತು. ತಪ್ಪು ಇಲ್ಲದಿದ್ದರೆ ಒಳ್ಳೆಯದೇ, ಆದರೆ ತಪ್ಪು ಇದ್ದೂ ಕಾಣಿಸದಿದ್ದರೆ?

ಆಗ ಒಂದು ರಿಂಗಿಗೆ ಪರದೆ ಅಲುಗಾಡಲಿಲ್ಲ. ನಾನು ಲ್ಯಾಪ್‌ಟಾಪಿನ ಮೇಲೆ ಬಗ್ಗಿದೆ. ಪೆಟ್ಟಿಗೆಗೆ ಕರೆ ಬಂದಿತ್ತು. ನೆಟ್‌ವರ್ಕ್ ತನ್ನ ಕೆಲಸ ಮಾಡಿತ್ತು. ಆದರೆ ಮೂಡಿದ ನಂಬರಿನಲ್ಲಿ ನಡುವಿನ ಒಂದು ಅಂಕಿ ಇರಲೇ ಇಲ್ಲ. ಅಂಕಿ ಕಡಿಮೆಯಾದ ನಂಬರನ್ನು ಪೆಟ್ಟಿಗೆ ಪರಕೀಯರದೆಂದು ತಿಳಿದು ಸುಮ್ಮನೆ ಕೂತಿತ್ತು.

"ಏನಾತು?" ಎಂದಳು ಗೌರಕ್ಕ.

"ನಿಮ್ಮ ನಂಬರ ಅದಕ್ಕ ಪೂರ್ತಿ ಕೇಳಸಿಲ್ರಿ. ನಡುವಿಂದ ಒಂದ ಅಂಕಿ ನುಂಗೇತಿ."

"ಇಷ್ಟ ಮಣೂಕ ಮುಂದ ಇಟಗೊಂಡ ಅಂಕಿ ಯಾಕ ನುಂಗತೈತಿ ಬೇ ಅದು?"

ನಗು ಬರಬೇಕಾದ ಮಾತು. ನನಗೆ ಬರಲಿಲ್ಲ. ಏಕೆಂದರೆ ಅದೇ ಸಾಲಿನ ಪಕ್ಕದಲ್ಲಿ, ಅಂಕಿ ಕಳೆದುಹೋದ ಅದೇ ಘಳಿಗೆಯಲ್ಲಿ, ಪೆಟ್ಟಿಗೆ ತೇವವನ್ನು ಅಳೆದದ್ದು ಬರೆದಿತ್ತು. ನೋಡಿದ ಕೂಡಲೇ ಎಲ್ಲ ತಿಳಿಯಿತು. ನಂಬರಿನ ಅಂಕಿಗಳು ಒಂದೊಂದಾಗಿ ಬರುತ್ತಿರುವಾಗ ನನ್ನ ತುಣುಕು ಕಿವಿ ಮುಚ್ಚಿಕೊಂಡು ತಂತಿ ಒತ್ತಿ ಹಿಡಿದು ನಿಂತಿತ್ತು. ಬಂದ ಅಂಕಿಗಳು ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾಯುತ್ತವೆ, ಅವು ಕೂರಲು ಅಲ್ಲೊಂದು ಪುಟ್ಟ ಕಟ್ಟೆಯಿದೆ. ಕಟ್ಟೆ ತುಂಬಿದ ಮೇಲೆ ಬಂದದ್ದು ಕೆಳಗೆ ಬಿದ್ದುಹೋಗುತ್ತದೆ. ಕಟ್ಟೆ ತುಂಬುವಷ್ಟು ಹೊತ್ತು ನಾನು ಯಾರ ಮಾತಿಗೂ ಕಿವಿಗೊಡದೆ ಎಚ್ಚರದಿಂದ ನಿಂತಿದ್ದೆ.

ಇನ್ನೂ ಪೆಚ್ಚೆನಿಸುವ ವಿಷಯವೆಂದರೆ, ಆ ಒತ್ತಿ ಹಿಡಿಯುವ ಹೊತ್ತಿಗೆ ಅಷ್ಟೊಂದು ಎಚ್ಚರ ಬೇಕಾಗಿಯೇ ಇರಲಿಲ್ಲ. ಅದು ಇಷ್ಟಕ್ಕಿಂತ ಕಡಿಮೆಯಾಗಬಾರದು ಎಂಬಂಥ ಹೊತ್ತು, ತುಸು ಹೆಚ್ಚಾದರೆ ಆ ಸಾಧನಕ್ಕೇನೂ ಕೋಪವಿಲ್ಲ. "ಐದ ಮಿನಿಟ, ಬಂದ್ನಿ" ಎನ್ನುವವರಿಗೂ ಒಪ್ಪಿಸಬಹುದಾದ ಕೆಲಸ. ಹೆಚ್ಚೂ ಆಗಬಾರದ ಕಡಿಮೆಯೂ ಆಗಬಾರದ ಕಾಯುವಿಕೆ ಆಮೇಲಿನದು, ಮಿಡಿತಗಳನ್ನು ಕೇಳುವಾಗಿನದು. ಅದು ಬಹಳ ಚಿಕ್ಕದು, ಅಷ್ಟರಲ್ಲಿ ಕಟ್ಟೆ ತುಂಬುವುದಿಲ್ಲ. ನಾನು ಎರಡೂ ಕಾಯುವಿಕೆಗಳನ್ನು ಒಂದೇ ಎಂದು ತಿಳಿದು, ಎರಡಕ್ಕೂ ಒಂದೇ ಸಮನೆ ಉಸಿರು ಬಿಗಿಹಿಡಿದಿದ್ದೆ.

ತಿದ್ದುವುದು ಕೆಲವೇ ಸಾಲು. ಒತ್ತಿ ಹಿಡಿದಿರುವಾಗ ಮಲಗು, ಬೇರೆಯವರು ಬಂದು ಹೋಗಲಿ. ಮಿಡಿತ ಶುರುವಾಗುವ ಮುಂಚೆ ಏಳು, ಆಗ ಮಾತ್ರ ಕಿವಿ ಮುಚ್ಚು. ಬರೆದು ಮುಗಿಸಿದಾಗ ದೂರದಲ್ಲಿ ಗುಡುಗಿತು. ಹೊಸದನ್ನು ಪೆಟ್ಟಿಗೆಗೆ ತುಂಬಬೇಕೆಂದರೆ ಹಳೆಯದನ್ನು ಅಳಿಸಬೇಕು. ಹಳೆಯದಕ್ಕೆ ಒಮ್ಮೊಮ್ಮೆ ಕಿವುಡು, ಆದರೂ ಬದುಕಿತ್ತು. ಹೊಸದರಲ್ಲಿ ನಾನೇನಾದರೂ ಅವಸರದಲ್ಲಿ ಎಡವಿದ್ದರೆ ಪೆಟ್ಟಿಗೆ ಸತ್ತೇಹೋಗುತ್ತದೆ, ಅದೂ ಈ ಮೋಡದ ಕೆಳಗೆ. ಕೀಲಿಯ ಮೇಲೆ ಬೆರಳಿಟ್ಟು ಕೂತುಬಿಟ್ಟೆ.

"ಯಾಕ ಸುಮ್ಮ ಕೂತಿ?"

"ಅಂಜಿಕಿ ಬರಾಕತ್ತೇತ್ರಿ ಅಕ್ಕಾ. ಹೊಸಾದ ಹಾಕಿದ ಮ್ಯಾಲ ಚಾಲೂನ ಆಗಲಿಲ್ಲ ಅಂದ್ರ?"

ಗೌರಕ್ಕ ಹೊರಗೆ ಹೋಗಿ ಮೋಡ ನೋಡಿ ಬಂದಳು. ಪರದೆಗಳನ್ನು ಕೈಯಿಂದ ಇಳಿಸುವ ಹಗ್ಗಗಳನ್ನು ಒಮ್ಮೆ ಜಗ್ಗಿ ನೋಡಿದಳು.

"ನನಗೂ ಅಂಜಿಕಿನ ಐತಿ" ಎಂದಳು. "ಆದ್ರ ಕೆಪ್ಪ ಡಬ್ಬಿ ನಂಬಿ ಕೂಡೂದಕಿಂತ ಸತ್ತದ್ದ ಬೇಷ. ಸತ್ತದ್ದಾದ್ರ ನಾನ ಹಗ್ಗಾ ಹಿಡಕೊಂಡ ನಿಂದರತೀನಿ. ಹಾಕ."

ಒತ್ತಿದೆ. ಲ್ಯಾಪ್‌ಟಾಪಿನ ತೆರೆಯ ಮೇಲೆ ಗೆರೆಯೊಂದು ಎಡದಿಂದ ಬಲಕ್ಕೆ ತುಂಬತೊಡಗಿತು. ನಾವಿಬ್ಬರೂ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತೆವು. "ಆತೇನು?" ಎಂದಳು. "ಇನ್ನ ಇಲ್ರಿ" ಎಂದೆ. "ಈಗ?" "ಇಲ್ರಿ." ಗೆರೆ ತುಂಬಿತು, ಹಸಿರು ದೀಪ ಆರಿತು. ಆ ದೀಪ ಮತ್ತೆ ಹತ್ತುವವರೆಗೆ ನಾವಿಬ್ಬರೂ ಅನಿಮಿಷರಾಗಿದ್ದೆವು.

ದೀಪ ಹತ್ತಿತು. ಆಮೇಲೆ ಮಧ್ಯಾಹ್ನ ಕಳೆಯುವವರೆಗೆ ಗೌರಕ್ಕ ರಿಂಗ್ ಕೊಟ್ಟಳು, ನಾನು ನೋಡಿದೆ. ನನ್ನ ಫೋನಿನಿಂದ ಕೊಟ್ಟೆವು, ಅದು ಗುರುತಿಸಲಿಲ್ಲ; ಗುರುತಿಸಬಾರದು ಕೂಡ. ಆಕೆಯದರಿಂದ ಕೊಟ್ಟಾಗ ಒಮ್ಮೆಯೂ ಅಂಕಿ ತಪ್ಪಲಿಲ್ಲ. ಅಷ್ಟರಲ್ಲಿ ಮೋಡ ಚದುರಿ ಬಿಸಿಲು ಬಂತು. ಗೌರಕ್ಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕೊಟ್ಟಳು. ಉಂಡು ಊರಿಗೆ ಮರಳಿದೆ. ನೆಮ್ಮದಿಯಾಯಿತೇ ಎಂದು ಕೇಳಬೇಡಿ. ಇಷ್ಟು ಹೊತ್ತು ತಪ್ಪಲಿಲ್ಲ ಎಂದರೆ ಇನ್ನು ತಪ್ಪುವುದಿಲ್ಲ ಎಂದೇನೂ ಅಲ್ಲವಲ್ಲ, ಎಂದು ಬಸ್ಸಿನಲ್ಲಿಯೇ ಹೊಸ ಚಿಂತೆ ಹುಟ್ಟಿತ್ತು.

ಎರಡು ದಿನ ಕಳೆದು ರವಿವಾರ, ಬಬಲೇಶ್ವರದಲ್ಲಿ ನಾದಿನಿಯ ಮಗುವಿಗೆ ಹೆಸರಿಡುವ ಕಾರ್ಯ. ಮಗುವನ್ನು ತೊಟ್ಟಿಲಿಗೆ ಹಾಕಿ, ಹೆಸರು ಕೂಗಿ, ಎಲ್ಲರೂ ಊಟಕ್ಕೆ ಕೂತಿದ್ದೆವು. ಎಲೆಗೆ ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ ಬಿತ್ತು, ಅಷ್ಟರಲ್ಲಿ ಮೇಲಿನ ತಗಡಿನ ಮೇಲೆ ಟಪ್ ಎಂದು ಏನೋ ಬಿತ್ತು. ಮತ್ತೊಂದು. ಆಮೇಲೆ ಧೋ ಎಂದು ಸುರಿಯಿತು. ಹೆಂಗಸರೆಲ್ಲ ಮಗುವಿನ ಕಾಲ್ಗುಣ ಎಂದು ಸಂತೋಷಪಟ್ಟರು. ನಾನು ಎಡಗೈಯಲ್ಲಿ ಫೋನ್ ಹುಡುಕಿದೆ.

ಗೌರಕ್ಕನ ಫೋನು ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಪ್ರತಿದಿನ ಮೊದಲನೆಯ ರಿಂಗಿಗೇ "ಹೇಳ ತಂಗಿ" ಎನ್ನುವವಳು. ಸಂಗಪ್ಪನ ನಂಬರು ಕಚೇರಿಯ ಕಂಪ್ಯೂಟರಿನಲ್ಲಿತ್ತು, ರವಿವಾರ ಕಚೇರಿಗೆ ಬೀಗ. ಇರ್ಫಾನ್ ಭಾಯಿಗೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದರು; ಅವರಿಗೆ ಮಾತ್ರ ನಿಜವಾಗಿಯೂ ನೆಟ್‌ವರ್ಕ್. ಮತ್ತೆ ಗೌರಕ್ಕನಿಗೆ. ರಿಂಗು ಮುಗಿಯುವ ತನಕ ಕಾದು, ಮುಗಿದ ಕೂಡಲೇ ಮತ್ತೆ. ಕಣ್ಣ ಮುಂದೆ ಚಿತ್ರಗಳು ಬಂದವು: ಇಳಿಯದ ಪರದೆ, ತೊಯ್ದು ಕಪ್ಪಾದ ಬಲೆಗಳು, ಒಬ್ಬಳೇ ಹಗ್ಗಕ್ಕೆ ಜೋತುಬಿದ್ದ ಗೌರಕ್ಕ. ಸಿಡಿಲು ಹೊಡೆಯಿತು. ಅದರ ಜೊತೆಗೆ ಇನ್ನೊಂದು ಚಿತ್ರ ಬಂತು, ಅದನ್ನು ಬರೆಯಲಾರೆ.

"ನಡೀರಿ" ಎಂದೆ ಗಂಡನಿಗೆ.

"ಎಲ್ಲಿಗೆ? ಹೋಳಿಗಿ..."

"ತಿಕೋಟಾಕ್ಕ."

ಮಹಾಂತೇಶ ನನ್ನ ಮುಖ ನೋಡಿದರು. ಎಲೆ ಮಡಚಿ ಎದ್ದರು. ನಾದಿನಿ ಬಾಗಿಲಿಗೆ ಬಂದು "ವೈನೀ, ಏನಾತ್ರಿ? ಯಾರಿಗೇನಾತು?" ಎಂದು ಕೂಗಿದಳು. ಮಣೂಕಕ್ಕೆ ಎಂದು ಹೇಳಲು ಬಾಯಿ ಬರಲಿಲ್ಲ. ಸ್ಕೂಟರಿನ ಮೇಲೆ, ಇಬ್ಬರ ತಲೆಯ ಮೇಲೂ ಒಂದೇ ಪ್ಲಾಸ್ಟಿಕ್ ಹಾಳೆ ಹಿಡಿದು, ಕರಿಮಣ್ಣಿನ ಕೆಸರು ಗಾಲಿಗೆ ಮೆತ್ತಿಕೊಳ್ಳುವ ದಾರಿಯಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ಮಳೆ ನಿಂತಿತು. ನಿಂತದ್ದು ಇಲ್ಲಿ ಮಾತ್ರವೋ, ಅಲ್ಲಿಯೂ ಹೌದೋ ಯಾರು ಬಲ್ಲರು? ಮಹಾಂತೇಶ ಒಮ್ಮೆ ಮಾತ್ರ, ಹಿಂತಿರುಗದೆ, "ಭುಜಾ ಅಷ್ಟ ಬಿಗಿಹಿಡಿಬ್ಯಾಡ, ಗಾಡಿ ಅತ್ತಿತ್ತ ಹೊಂಟೈತಿ" ಎಂದರು.

ಶೆಡ್ಡು ದೂರದಿಂದ ಕಂಡಿತು. ನೀಲಿ ಪರದೆಗಳು ಕೆಳಗಿಳಿದು ನೆಲ ಮುಟ್ಟಿದ್ದವು, ಅವುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. "ಅಕ್ಕಾ" ಎಂದು ಕೂಗುತ್ತ ಪರದೆ ಸರಿಸಿ ಒಳಗೆ ಹೋದೆ. ಗೌರಕ್ಕ ಗೋಣಿಚೀಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಒಂದು ಕೈ ತಲೆಯ ಕೆಳಗೆ, ಇನ್ನೊಂದು ನೆಲದ ಮೇಲೆ. ನಾನು ಹತ್ತಿರ ಹೋಗಲಾರದೆ ನಿಂತೆ. ಆಗ ಆಕೆ ಗೊರಕೆ ಹೊಡೆದಳು.

ಹಿಂದಿನಿಂದ ಯಾರೋ "ಶ್‌" ಎಂದರು. ಸಂಗಪ್ಪ. ಮೈಯೆಲ್ಲ ತೊಯ್ದು ಪರದೆಯ ಅಂಚಿನಲ್ಲಿ ನಿಂತಿದ್ದ.

"ತ್ವಾಟದಾಗ ಇದ್ನ್ಯವ್ವಾ" ಎಂದ ಪಿಸುದನಿಯಲ್ಲಿ. "ಮ್ವಾಡ ಒಮ್ಮಿಂದೊಮ್ಮೆ ಏರಿ ಬಂತು. ಓಡಿ ಬಂದ್ರೂ ಮುಟ್ಟಾಂಗಿರಲಿಲ್ಲ. ಅಲ್ಲಿಂದನ ಡಬ್ಬಿಗಿ ಒಂದ ರಿಂಗ್ ಕೊಟ್ನಿ. ಬಂದ ನೋಡ್ತೀನಿ, ಪಡದಿ ಇಳದಾವ, ಇಕಿ ಹಿಂಗ ಮಲಗ್ಯಾಳ. ಫೋನ ಚಾರ್ಜ್ ಮಾಡಾಕ ಮನಿಗಿ ಕಳಸ್ಯಾಳ."

"ಎಬ್ಬಸಬೇಕಿತ್ತಲ್ರಿ! ನಾ ಎಷ್ಟ ಸಲ ಫೋನ್ ಮಾಡೀನಿ..."

"ಎಬ್ಬಸಾಕ ಬಂದಿದ್ನಿ" ಎಂದ ಸಂಗಪ್ಪ, ತಲೆಯ ನೀರು ಒರೆಸಿಕೊಳ್ಳುತ್ತ. "ಹಣ್ಣ ಕಡದಾಗಿಂದ ಇಕಿ ಹಿಂಗ ಮಲಗಿದ್ದ ನೋಡೇ ಇರಲಿಲ್ಲ. ಮನಸಾಗಲಿಲ್ಲ."

ನಮ್ಮ ಪಿಸುಮಾತಿಗೇ ಗೌರಕ್ಕನಿಗೆ ಎಚ್ಚರವಾಯಿತು. ಮಳೆ, ಗುಡುಗು, ಮೋಟಾರಿನ ಗರ್ರಾಟಕ್ಕೆ ಆಗದ ಎಚ್ಚರ. ಎದ್ದು ಕೂತು ನನ್ನನ್ನೂ, ರೇಷ್ಮೆ ಸೀರೆಯ ಕೆಸರನ್ನೂ, ನನ್ನ ಗಂಡನ ಹಣೆಯ ಕುಂಕುಮವನ್ನೂ ನೋಡಿದಳು.

"ಅಯ್ಯ, ನೀ ಯಾವಾಗ ಬಂದಿ ಬೇ? ಈ ಪಡದಿ ಯಾಕ ಇಳದಾವ?"

"ಮಳಿ ಬಂದಿತ್ರಿ ಅಕ್ಕಾ."

"ಮಳಿ? ಯಾವಾಗ?"

ಯಾರೂ ಉತ್ತರ ಕೊಡುವ ಮೊದಲೇ ಬಲೆಗಳ ಕಡೆಗೆ ಓಡಿದಳು. ನಾವೂ ಓಡಿದೆವು. ಒಂದು ಮೂಲೆಯಲ್ಲಿ ಮಾತ್ರ ಪರದೆ ಪೂರ್ತಿ ಇಳಿಯದೆ ಮೊಳೆಯೊಂದಕ್ಕೆ ಸಿಕ್ಕಿಕೊಂಡು ನಿಂತಿತ್ತು. ಆ ಮೊಳೆ ಆಕೆಯೇ ಬುತ್ತಿ ತೂಗುಹಾಕಲು ಹೊಡೆದದ್ದು. ಅಲ್ಲಿನ ಕೆಳಗಿನ ಬಲೆಯ ಅಂಚಿಗೆ ಎರಚಲು ಬಡಿದಿತ್ತು. ನಾಲ್ವರೂ ಸೇರಿ ಅಷ್ಟು ಮಣೂಕವನ್ನು ಬುಟ್ಟಿಗೆ ತುಂಬಿ ಬೇರೆ ಇಟ್ಟೆವು. ಮಹಾಂತೇಶ ಹಬ್ಬದ ಅಂಗಿಯ ತೋಳೇರಿಸಿ ಮೊಳೆ ಕಿತ್ತರು. ಉಳಿದದ್ದೆಲ್ಲ ಒಣಗಿಯೇ ಇತ್ತು. ಗೌರಕ್ಕ ಪ್ರತಿ ಅಂತಸ್ತಿಗೂ ಕೈಯಾಡಿಸಿ, ಒಂದೊಂದು ಕಡೆ ಒಂದೊಂದು ಕಾಳು ಒತ್ತಿ ನೋಡಿ, ಕೊನೆಗೆ ಉಸಿರು ಬಿಟ್ಟಳು.

ನಾನು ಒಂದು ಮಾತಿಗೆ ಕಾಯುತ್ತಿದ್ದೆ, ಸುಳ್ಳೇಕೆ. ಡಬ್ಬಿ ಚಲೋ ಕೆಲಸ ಮಾಡಿತು ಎಂದೋ, ನೀನು ಅಂದು ಬಂದದ್ದು ಒಳ್ಳೆಯದಾಯಿತು ಎಂದೋ. ಆಕೆ ಡಬ್ಬಿಯ ಕಡೆ ನೋಡಲೂ ಇಲ್ಲ. ಹೊರಗೆ ಇಣುಕಿ ಗಂಡನನ್ನು ಕೇಳಿದಳು:

"ಇನ್ನ ಬರತೈತೇನು?"

"ಪಡುವಲಕ್ಕ ಇನ್ನ ಮ್ವಾಡ ಐತಿ" ಎಂದ ಸಂಗಪ್ಪ.

ಗೌರಕ್ಕ ಗೋಣಿಚೀಲ ಕೊಡವಿ ಹಾಸಿ, ಸೆರಗನ್ನು ತಲೆಗೆ ಸುತ್ತಿಕೊಂಡಳು.

"ಹಂಗಾರ ನೀವ ಎಚ್ಚರ ಇರ್ರಿ. ನಾ ಇನ್ನೊಂದೀಟ ಮಲಗತೀನಿ" ಎಂದು ಪರದೆಯ ಕಡೆ ತಿರುಗಿ ಮಲಗಿದಳು.

ಕರ್ನಲ್‌ನೊಳಗೆ ಯಾರಾದರೂ ಮಲಗಬೇಕೆಂದರೆ ಎಲ್ಲೋ ಒಂದು ಗಡಿಯಾರ ಎಚ್ಚರವಿದ್ದು ಬಡಿದುಕೊಳ್ಳುತ್ತಿರಲೇಬೇಕು. ಇಷ್ಟು ವರ್ಷ ಅದನ್ನು ಒಂದು ತಾಂತ್ರಿಕ ಸಂಗತಿಯೆಂದಷ್ಟೇ ಬರೆದುಕೊಂಡು ಬಂದಿದ್ದೆ. ಇನ್ನೊಬ್ಬರ ಮಣೂಕದ ಶೆಡ್ಡಿನಲ್ಲಿ, ತೊಯ್ದ ಸೀರೆಯಲ್ಲಿ, ಅರೆಹೊಟ್ಟೆಯಲ್ಲಿ, ಇನ್ನೊಬ್ಬರ ಗೊರಕೆ ಕೇಳುತ್ತ ಮೋಡ ಕಾಯುವುದು ಇಷ್ಟು ಹಿತವಾದ ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ.